ಕಿರುಗತ್ತಿಗಳ ಕುಲಗೋತ್ರ ಬಲ್ಲ ಚೂರಿಯಮ್ಮ

ಬೀದಿದೀಪ ಇನ್ನೂ ಆರಿಲ್ಲ. ಹರಾಜು ಅಂಗಡಿಯ ಮುಂಬಾಗಿಲಿಗೆ ಬೀಗ ಬಿದ್ದೇ ಇದೆ. ಪಕ್ಕದ ಸಂದಿಯಲ್ಲಿರುವ ಕಬ್ಬಿಣದ ಮೆಟ್ಟಿಲು ಮಾತ್ರ ಕಿರ್ರೆನ್ನುತ್ತಿದೆ. ಒಂದು ಕೈಯಲ್ಲಿ ಕಾಫಿ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು, ಮೆಟ್ಟಿಲಿಗೊಮ್ಮೆ ಮಂಡಿಯನ್ನು ಬೈದುಕೊಳ್ಳುತ್ತ ಹತ್ತುತ್ತಿರುವ ಹೆಂಗಸಿಗೆ ಅರವತ್ತು ದಾಟಿದೆ. ಮೇಲಿನ ಕೋಣೆಯ ಕಿಟಕಿ ಮೂಡಣಕ್ಕಿದೆ. ಅದರ ಕೆಳಗೆ ಹಳೆಯ ಕಂಬಳಿ ಹಾಸಿದ ಮೇಜು. ಕಂಬಳಿಯ ಮೇಲೆ ಒಂದು ಗೇಣಿಗೂ ಕಡಿಮೆ ಉದ್ದದ ಚೂರಿ, ಒರೆಯೊಂದಿಗೆ.

ಸೂರ್ಯ ಎದುರುಮನೆಯ ಚಾವಣಿ ದಾಟಿದ್ದೇ ತಡ, ಅವರು ಚೂರಿಯನ್ನು ಎರಡು ಬೆರಳಲ್ಲಿ ಎತ್ತಿ, ಕಣ್ಣಿನ ಮಟ್ಟಕ್ಕೆ ಅಡ್ಡವಾಗಿ ಹಿಡಿದು, ತಕ್ಕಡಿ ತೂಗಿದ ಹಾಗೆ ನಿಧಾನಕ್ಕೆ ಆಚೀಚೆ ವಾಲಿಸುತ್ತಾರೆ. ಪತ್ರಿಕೆಗೆ ಬರೆಯಲೆಂದು ಬಂದಿರುವ ನಾನು ಏನೋ ಕೇಳಲು ಬಾಯಿ ತೆರೆಯುತ್ತೇನೆ. ಅವರು ಕಿರುಬೆರಳೆತ್ತಿ ತಡೆಯುತ್ತಾರೆ. ಆಮೇಲೆ ಉಸಿರು ಬಿಟ್ಟು ಚೂರಿಯನ್ನು ಕೆಳಗಿಡುತ್ತಾರೆ.

"ಬೆಳಕು ಅಡ್ಡಡ್ಡ ಬರಬೇಕು. ಸೂರ್ಯ ನೆತ್ತಿ ಮೇಲೆ ಬಂದ ಅಂದ್ರೆ ಎಲ್ಲಾ ಲೋಹಾನೂ ಸಾಚಾನೇ. ಅಡ್ಡ ಬೆಳಕಲ್ಲಿ ನೋಡಿ, ಗೀರು, ತಗ್ಗು, ಬೆಸುಗೆ ಎಲ್ಲಾದಕ್ಕೂ ನೆರಳು ಬೀಳುತ್ತೆ. ಈ ಹೊತ್ತೇ ನನ್ನ ಆಫೀಸು. ಆಮೇಲೆ ಮಾಡೋದೆಲ್ಲ ಬರೀ ಮಾತು."

ಬೀದಿಯವರಿಗೆ ಇವರು ಚೂರಿಯಮ್ಮ. ಹರಾಜು ಅಂಗಡಿಯ ಯಜಮಾನರಿಗೆ ಅಕ್ಕ. ಹರಾಜಿನ ಪಟ್ಟಿಯಲ್ಲಿ ಇವರ ಸುದ್ದಿ ಬರುವುದು 'ಪರಿಣತರ ಅಭಿಪ್ರಾಯದಂತೆ' ಎಂಬ ಎರಡೇ ಪದಗಳಲ್ಲಿ. ಆ ಪರಿಣತರು ಕೋಟು ತೊಟ್ಟ ಗಂಡಸೆಂದೇ ಬಹಳ ಮಂದಿ ಭಾವಿಸಿದ್ದಾರೆ. ಅದನ್ನು ಹೇಳಿದರೆ ಚೂರಿಯಮ್ಮ ನಗುತ್ತಾರೆ: "ಇರಲಿ ಬಿಡಿ, ಚಳಿಗಾಲದಲ್ಲಿ ಕೋಟು ನಂಗೂ ಬೇಕು."

ಇವರ ಕೆಲಸ ಏನೆಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಯುದ್ಧ ಮುಗಿಸಿ ಮನೆಗೆ ಬಂದವರು ಜೇಬಿನಲ್ಲಿ, ಪೆಟ್ಟಿಗೆಯ ತಳದಲ್ಲಿ ಏನಾದರೊಂದು ನೆನಪಿನ ವಸ್ತು ತರುತ್ತಿದ್ದರು. ಅವುಗಳಲ್ಲಿ ಪುಟಾಣಿ ಚೂರಿಗಳೂ ಒಂದು. ನೋಡಲು ಸೈನ್ಯದ ಕಠಾರಿಯ ಮರಿಯಂತಿರುತ್ತವೆ. ಹೆಚ್ಚಿನವು ಕಾಗದ ಬಿಡಿಸಲಿಕ್ಕೆ ಬಿಟ್ಟರೆ ಮತ್ತೊಂದಕ್ಕೆ ಬಾರವು. ತಂದವರು ತೀರಿಕೊಂಡ ಮೇಲೆ ಅವು ಮೇಜಿನ ಖಾನೆಯಿಂದ ಹೊರಬರುತ್ತವೆ. ಮಕ್ಕಳಿಗೆ, ಮೊಮ್ಮಕ್ಕಳಿಗೆ ತಲೆಬುಡ ತಿಳಿಯುವುದಿಲ್ಲ. ಇದು ಎಲ್ಲಿಯದು? ಇದಕ್ಕೆ ಬೆಲೆ ಇದೆಯೇ? ತಾತ ಇದನ್ನು ಹೇಗೆ ಪಡೆದರು? ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುವುದು ಚೂರಿಯಮ್ಮನ ಕಸುಬು. ಜನ ಬರುವುದು ಮಾತ್ರ ಮೂರನೆಯ ಪ್ರಶ್ನೆ ಹೊತ್ತುಕೊಂಡು.

ಮೇಜಿನ ಮೇಲೆ ಅವರ ಸಲಕರಣೆಗಳಿವೆ. ಒಂದು ಭೂತಗನ್ನಡಿ, ದಾರಕ್ಕೆ ಕಟ್ಟಿದ ಅಯಸ್ಕಾಂತ, ಅಡುಗೆಮನೆಯಿಂದ ತಂದ ತೂಕದ ಯಂತ್ರ, ಹಸುಗೂಸಿನ ತಲೆ ಬಾಚುವ ಮೆತ್ತನೆಯ ಕುಂಚ. ಗೋಡೆಗೆ ಒಂದು ರಟ್ಟಿನ ಹಲಗೆ: 'ದಯವಿಟ್ಟು ಉಜ್ಜಿಕೊಂಡು ಬರಬೇಡಿ.' ಆದರೂ ಉಜ್ಜಿಕೊಂಡೇ ಬರುತ್ತಾರೆ. ನಾನಿದ್ದ ಮೊದಲ ದಿನವೇ ಒಬ್ಬರು ನಿಂಬೆಹಣ್ಣು, ಬೂದಿ ಹಾಕಿ ತಿಕ್ಕಿ, ಫಳಫಳ ಹೊಳೆಯುವ ಚೂರಿ ತಂದು, "ನಿಮಗೋಸ್ಕರ ಸ್ವಚ್ಛ ಮಾಡಿದ್ದೀನಿ ಅಮ್ಮಾ" ಎಂದರು. ಚೂರಿಯಮ್ಮ ಹಣೆ ಚಚ್ಚಿಕೊಳ್ಳಲಿಲ್ಲ. "ತುಂಬಾ ಶ್ರಮಪಟ್ಟಿದ್ದೀರಿ" ಎಂದರು, ಅಷ್ಟೇ. ಅವರು ಇಳಿದು ಹೋದ ಮೇಲೆ ನನಗೆ ಹೇಳಿದರು: "ಮುಖ ತೊಳೆಸೋಕೆ ಹೋಗಿ ಮೂಗೇ ಕಿತ್ತು ತಂದಿದ್ದಾರೆ. ಹಳೇ ಕಪ್ಪು, ಹಳೇ ಕಿಲುಬು, ಅದೇ ಅಲ್ವಾ ಅದರ ಮಾತು? ಅದನ್ನೇ ಅಳಿಸಿಬಿಟ್ರೆ ನಾನು ಯಾರ ಹತ್ರ ಕೇಳಲಿ?"

ಇಂಥ ಚೂರಿಗಳಲ್ಲಿ ಜಾತಿ ಹಲವು. ಅಲಗು ತಯಾರಿಸುವ ಕಾರ್ಖಾನೆಗಳೇ ತಮ್ಮ ದೊಡ್ಡ ಕಠಾರಿಯ ಮಾದರಿಯಾಗಿ ಪುಟ್ಟದನ್ನು ಮಾಡಿ ವ್ಯಾಪಾರಿಗಳಿಗೆ ಉಡುಗೊರೆ ಕೊಡುತ್ತಿದ್ದವು. ಇವಕ್ಕೆ ಒಳ್ಳೆಯ ಬೆಲೆಯಿದೆ. ಸೈನಿಕರ ಬಿಡಾರದ ಹೊರಗೆ, ರೈಲು ನಿಲ್ದಾಣದ ಬಳಿ ರಾಶಿ ಹಾಕಿ ಮಾರುತ್ತಿದ್ದ ಅಗ್ಗದ ಮಾಲು ಇನ್ನೊಂದು ಬಗೆ. ಗುಂಡಿನ ತೋಟಾ, ಬಿದ್ದ ವಿಮಾನದ ತಗಡು ಹೀಗೆ ಕೈಗೆ ಸಿಕ್ಕಿದ್ದರಿಂದ ಬಿಡುವಿನಲ್ಲಿ ಕೂತು ಮಾಡಿದವು ಮತ್ತೊಂದು. ಇವುಗಳ ಹಿಂದೆಯೇ ಬಂದ ನಕಲಿಗಳಿಗಂತೂ ಲೆಕ್ಕವಿಲ್ಲ.

ನಕಲಿಯನ್ನು ಹಿಡಿಯುವುದು ಹೇಗೆ? ಚೂರಿಯಮ್ಮ ಎರಡು ಚೂರಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತಾರೆ. ಒಂದರ ಮೇಲಿನ ಅಕ್ಷರವನ್ನು ಅಚ್ಚಿಟ್ಟು ಹೊಡೆದಿದ್ದಾರೆ. ಹೊಡೆತಕ್ಕೆ ಅಕ್ಷರದ ಸುತ್ತ ಲೋಹ ಉಬ್ಬಿ, ತುಟಿ ಎದ್ದಿದೆ. ಇನ್ನೊಂದರ ಅಕ್ಷರ ಎರಕದಲ್ಲೇ ಬಂದದ್ದು. ಅಂಚು ಕರಗಿದ ಬೆಣ್ಣೆಯಂತೆ ಜಾರಿದೆ. "ಸವೆದ ಜಾಗಾನೂ ನೋಡಬೇಕು. ನಿಜವಾಗಿ ಹಿಡಿದು ಬಳಸಿದ್ದು ಬೆರಳು ಕೂರೋ ಜಾಗದಲ್ಲಿ ಸವೆಯುತ್ತೆ. ಬೇಕಂತಲೇ ಹಳೇದು ಮಾಡಿದ್ದು ಎಲ್ಲಾ ಕಡೆ ಒಂದೇ ಸಮ ಸವೆದಿರುತ್ತೆ. ಮನುಷ್ಯರು ಹಾಗೆ ಸವೆಯಲ್ಲ ನೋಡಿ."

ಅವರ ತಂದೆ ಸಾಣೆಗಾರ. ಕಾಲಲ್ಲಿ ತುಳಿಯುವ ಸಾಣೆಯನ್ನು ಹೆಗಲಿಗೇರಿಸಿ ಬೀದಿ ಬೀದಿ ಸುತ್ತಿ ಕತ್ತರಿ, ಚಾಕು ಮಸೆಯುತ್ತಿದ್ದರು. ಮಗಳು ನೀರಿನ ಡಬ್ಬಿ ಹಿಡಿದು ಹಿಂದೆ. "ಅಪ್ಪ ಮಸೆದಿದ್ದು ಊರವರ ಚಾಕು. ನಮ್ಮನೇದು ಯಾವತ್ತೂ ಮೊಂಡೇ. ಈಗ್ಲೂ ಅಷ್ಟೇ, ನಮ್ಮನೇಲಿ ಟೊಮೆಟೊ ಹೆಚ್ಚೋದು ಅಂದ್ರೆ ಅದಕ್ಕೆ ಅವಮಾನ ಮಾಡಿದ ಹಾಗೆ" ಎಂದು ನಗುತ್ತಾರೆ. ಮದುವೆಯಾದ ಮೇಲೆ ಗಿಲೀಟು ಕಾರ್ಖಾನೆಯಲ್ಲಿ ಕೆಲಸ. ಹೋಟೆಲು, ಆಸ್ಪತ್ರೆಗಳ ಚಮಚ, ತಟ್ಟೆ, ಆಟೋಟದ ಬಹುಮಾನದ ಬಟ್ಟಲು, ಎಲ್ಲವನ್ನೂ ಉಜ್ಜಿ ಹೊಳಪು ಕೊಡಬೇಕು. ಉಗುರಿನ ಸಂದಿಯ ಕಪ್ಪು ಹೋಗಲೇ ಇಲ್ಲ. ಎದೆಯೊಳಗೆ ಲೋಹದ ಧೂಳು ಸೇರಿ ಕೆಮ್ಮು ನೆಲೆಯೂರಿತು. ಬಸ್ಸಿನ ಕಂಡಕ್ಟರಾಗಿದ್ದ ಗಂಡ ಅಪಘಾತವೊಂದರಲ್ಲಿ ತೀರಿಕೊಂಡಾಗ ಮಗಳಿನ್ನೂ ಶಾಲೆಗೆ ಸೇರಿರಲಿಲ್ಲ. ಮರುವರ್ಷವೇ ಕಾರ್ಖಾನೆಯೂ ಬಾಗಿಲು ಹಾಕಿತು. "ಒಂದು ಬಾಗಿಲು ಮುಚ್ಚಿದ್ರೆ ಇನ್ನೊಂದು ತೆರೆಯುತ್ತೆ ಅಂತಾರಲ್ಲ, ನಂಗೆ ತೆರೆದಿದ್ದು ಈ ಸಂದಿ ಬಾಗಿಲು. ಇಲ್ಲಿ ಹಳೇ ಸಾಮಾನು ಒರೆಸೋ ಕೆಲಸಕ್ಕೆ ಬಂದೆ."

ಬಂದ ಮೊದಲ ವಾರವೇ ಮೈಮುರಿದು ದುಡಿದು, ಒಂದು ಪೆಟ್ಟಿಗೆಯಲ್ಲಿದ್ದ ಪುಟಾಣಿ ಚೂರಿಗಳನ್ನೆಲ್ಲ ಕನ್ನಡಿಯಂತೆ ಬೆಳಗಿ ಸಾಲಾಗಿ ಜೋಡಿಸಿದರು. ಅಂದು ಅಂಗಡಿಗೆ ಬಂದವರು ಮೇಷ್ಟ್ರು. ಪಾಠ ಹೇಳುವ ಮೇಷ್ಟ್ರಲ್ಲ. ಸೈನ್ಯದ ಆಯುಧ ಶಾಲೆಯಲ್ಲಿ ಬಂದೂಕು, ಕತ್ತಿಗಳ ದುರಸ್ತಿ ನೋಡಿಕೊಂಡು ನಿವೃತ್ತರಾದವರು. ಹರಾಜಿಗೆ ಬರುವ ಆಯುಧಗಳನ್ನು ಪರೀಕ್ಷಿಸುತ್ತಿದ್ದರು. ಅವರಿಗೆ ಆಗಲೇ ಕಣ್ಣು ಮಂಜಾಗಿತ್ತು. ಒಂದೊಂದೇ ಚೂರಿಯನ್ನು ಬೆರಳಲ್ಲಿ ಸವರಿ ನೋಡಿದರು. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಇವನ್ನ ಉಜ್ಜಿದ್ದು ಯಾರು?"

"ನಾನು ಅಂದೆ. ಕೆಲಸ ಹೋಯ್ತು ಅಂದ್ಕೊಂಡೆ. ಅವರು, 'ಇಷ್ಟು ಚೆನ್ನಾಗಿ ಹಾಳು ಮಾಡಿದ್ದು ನಾನು ನೋಡೇ ಇಲ್ಲ. ಒಂದು ಮೂಲೆನೂ ಬಿಟ್ಟಿಲ್ಲವಲ್ಲಮ್ಮ, ಅಂದ್ರೆ ಒಂದೊಂದು ಮೂಲೆನೂ ನೋಡಿದ್ದೀಯ. ನಾಳೆಯಿಂದ ಉಜ್ಜಬೇಡ, ಬರೀ ನೋಡು' ಅಂದ್ರು."

ಹೀಗೆ ಶುರುವಾಯಿತು ಕಲಿಕೆ. ಮೇಷ್ಟ್ರ ಕಣ್ಣು ವರ್ಷದಿಂದ ವರ್ಷಕ್ಕೆ ಕುಂದುತ್ತ ಬಂತು. ಚೂರಿಯಮ್ಮ ಅವರಿಗೆ ಕಣ್ಣಾದರು. ವಸ್ತುವನ್ನು ಬೆಳಕಿಗೆ ಹಿಡಿದು ಕಂಡದ್ದನ್ನೆಲ್ಲ ಬಾಯಲ್ಲಿ ಹೇಳಬೇಕು, ಅವರು ಕೇಳಿ ತೀರ್ಮಾನಿಸಬೇಕು. "ಇದು ಹಳೇದು ಸಾರ್" ಎಂದರೆ ಗದರುತ್ತಿದ್ದರಂತೆ. "ಹಳೇದು ಅನ್ನೋದು ನಿನ್ನ ಲೆಕ್ಕ. ನಿನಗೆ ಕಂಡಿದ್ದು ಏನು? ಕಂಡಿದ್ದನ್ನ ಹೇಳು, ಅಂದ್ಕೊಂಡಿದ್ದನ್ನ ಹೇಳಬೇಡ."

ಈ ಮಾತು ಹೇಳುತ್ತ ಚೂರಿಯಮ್ಮ ಭೂತಗನ್ನಡಿಯನ್ನು ಸೆರಗಿನಲ್ಲಿ ಒರೆಸುತ್ತಾರೆ. "ಕಣ್ಣಿದ್ದವರು ಯಾರಾದ್ರೂ ಕಲಿಸಿದ್ರೆ ನಾನು ಇಷ್ಟು ನೋಡೋದು ಕಲೀತಿರಲಿಲ್ಲ. ಅವರಿಗೆ ಹೇಳಬೇಕಲ್ಲ ಅಂತ ನೋಡ್ತಿದ್ದೆ. ಈಗ್ಲೂ ಒಬ್ಬಳೇ ಇದ್ದಾಗ ಬಾಯಿಬಿಟ್ಟೇ ಹೇಳ್ಕೊಳ್ತೀನಿ. ಕೆಳಗಿನವರು, ಅಕ್ಕನಿಗೆ ಚೂರಿ ಜೊತೆ ಮಾತಾಡೋ ಹುಚ್ಚು ಅಂತಾರೆ. ಹುಚ್ಚಲ್ಲ. ಮೇಷ್ಟ್ರಿಗೆ ಒಪ್ಪಿಸ್ತೀನಿ, ಅಷ್ಟೇ."

ಮೇಷ್ಟ್ರು ತೀರಿಹೋದ ಮೇಲೆ ಸಂಕಟ ಬೇರೆಯೇ ಆಯಿತು. ಗಿರಾಕಿಗಳು ಬಂದು ಪರಿಣತರೆಲ್ಲಿ ಎಂದು ಕೇಳುವರು. ಸಾಮಾನು ಒರೆಸುವ ಹೆಂಗಸನ್ನು ಯಜಮಾನರು ತೋರಿಸಿದರೆ ಚೂರಿಯನ್ನು ಮತ್ತೆ ಜೇಬಿಗಿಳಿಸಿ ಹೊರಡುವರು. ಪಾಪ ಯಜಮಾನರು ಒಂದು ಉಪಾಯ ಹೂಡಿದರು. ಅಂಗಡಿಯ ಹಿಂಭಾಗಕ್ಕೊಂದು ಪರದೆ ಕಟ್ಟಿ ಅದರ ಹಿಂದೆ ಇವರನ್ನು ಕೂರಿಸಿದರು. ವಸ್ತುವನ್ನು ಒಳಗೊಯ್ದು, ಇವರು ಹೇಳಿದ್ದನ್ನು ಕೇಳಿಕೊಂಡು ಬಂದು, ಗಂಟಲು ಸರಿಮಾಡಿಕೊಂಡು ಗಿರಾಕಿಗೆ ಒಪ್ಪಿಸುವುದು.

"ಅರ್ಧ ಮರೆತು ಬರ್ತಿದ್ದೆ" ಎಂದು ಯಜಮಾನರೇ ಒಪ್ಪುತ್ತಾರೆ. ಅವರಿಗೀಗ ತಲೆ ಪೂರ್ತಿ ನರೆತಿದೆ. "ಒಂದು ದಿನ ಗಿರಾಕಿ ಒಬ್ಬರು ಜಗಳಕ್ಕೇ ನಿಂತ್ರು. ಒರೆ ಬೇರೆ, ಚೂರಿ ಬೇರೆ ಅಂತ ಹೇಗ್ರೀ ಹೇಳ್ತೀರಿ ಅಂತ. ನಾನು ಬೆಬ್ಬೆಬ್ಬೆ. ಆಗ ಪರದೆ ಸಂದಿಯಿಂದ ಒಂದು ಕೈ ಆಚೆ ಬಂತು ನೋಡಿ! ಬಳೆ ಹಾಕಿದ ಕೈ. 'ತನ್ನಿ ಇಲ್ಲಿ' ಅಂತು. ಆ ಮನುಷ್ಯ ಕೊಟ್ಟೇಬಿಟ್ರು. ಅಕ್ಕ ಆಚೆ ಬಂದು, ಒರೆಯ ಬಾಯಿ ಎಲ್ಲಿ ಗೀಚಿದೆ, ಚೂರಿಯ ಬೆನ್ನು ಎಲ್ಲಿ ಗೀಚಿದೆ, ಎರಡೂ ಯಾಕೆ ಕೂಡಲ್ಲ ಅಂತ ತೋರಿಸಿದ್ರು. ಅವತ್ತೇ ಪರದೆ ಬಿಚ್ಚಿದೆ. ನಮ್ಮನೆಯವಳು ಅದರಲ್ಲಿ ದಿಂಬಿನ ಚೀಲ ಹೊಲಿದಳು."

ದಿನಕ್ಕೆ ನಾಲ್ಕೈದು ಚೂರಿಗಳು ಬರುತ್ತವೆ. ಹೆಚ್ಚಿನವು ರೈಲು ನಿಲ್ದಾಣದ ಮಾಲೇ. ಚೂರಿಯಮ್ಮ ಬೆಲೆ ಹೇಳುವ ರೀತಿ ನನಗೆ ಬಹಳ ಹಿಡಿಸಿತು. ಅಂಕಿ ಹೇಳುವುದು ಯಜಮಾನರ ಕೆಲಸ. ಇವರು ಮೊದಲು ಅಂದಾಜು ಕೊಡುತ್ತಾರೆ: "ಇದು ಒಂದು ಜೊತೆ ಚಪ್ಪಲಿ", "ಇದು ಒಂದು ಸೈಕಲ್ಲು", "ಇದು ಹೊಲಿಗೆ ಯಂತ್ರ ಬರುತ್ತೆ, ಬೇಗ ಮಾರಬೇಡಿ." ಅವರಲ್ಲಿ ಉತ್ತರ ಮೂರೇ. ಹೌದು, ಅಲ್ಲ, ಗೊತ್ತಿಲ್ಲ. ಮೂರನೆಯದನ್ನು ಹೇಳಲು ಅವರಿಗೆ ಒಂದಿಷ್ಟೂ ಮುಜುಗರವಿಲ್ಲ.

ಎಲ್ಲರೂ ಸಂತೋಷದಿಂದ ಹೋಗುತ್ತಾರೆಂದಲ್ಲ. ತಂದೆ ಆಸ್ತಿಯಂತೆ ಕಾಪಾಡಿದ್ದ ಚೂರಿ ಯುದ್ಧ ಮುಗಿದ ಎಷ್ಟೋ ವರ್ಷಗಳ ಮೇಲೆ ಎರಕ ಹೊಯ್ದದ್ದು ಎಂದು ಕೇಳಿದ ಮಗನೊಬ್ಬ ಅದನ್ನು ಗೋಡೆಗೆ ಎಸೆದು ಹೋದನಂತೆ. ಮರುದಿನ ಬೆಳಿಗ್ಗೆ ಬಂದು ಮೂಲೆಯಲ್ಲಿ ಹುಡುಕಿದ. ಚೂರಿಯಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ತೆಗೆದಿಟ್ಟಿದ್ದರು. "ಚೂರಿ ನಕಲಿ ಆಗಿರಬಹುದು ಕಣಪ್ಪ, ಅದನ್ನ ನಿಮ್ಮಪ್ಪ ಕಾಪಾಡಿದ್ದು ನಕಲಿಯೇ?" ಎಂದರಂತೆ. ಈಗಲೂ ಆತ ಹೊಸ ವರ್ಷಕ್ಕೊಮ್ಮೆ ಬಂದು ಮಾತಾಡಿಸಿಕೊಂಡು ಹೋಗುತ್ತಾನೆ.

ನಾನು ಅಲ್ಲಿದ್ದ ಎರಡನೆಯ ಬೆಳಿಗ್ಗೆ ಅಕ್ಕ-ತಮ್ಮ ಇಬ್ಬರು ಮೆಟ್ಟಿಲು ಹತ್ತಿ ಬರುತ್ತಾರೆ. ಅಕ್ಕನಿಗೆ ನಲವತ್ತರ ಆಸುಪಾಸು. ತಮ್ಮ ಸ್ವಲ್ಪ ಚಿಕ್ಕವನು. ತಾತ ತೀರಿಕೊಂಡು ಆರು ತಿಂಗಳಾಗಿದೆ. ಮಡಿಸಿದ ಕರವಸ್ತ್ರದೊಳಗೆ ಒಂದು ಪುಟ್ಟ ಚೂರಿ. ಬಣ್ಣಬಣ್ಣದ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿ ಮಾಡಿದ ಹಿಡಿ, ಒಂದೆರಡು ಬಿಲ್ಲೆ ಗಾಜಿನಂತೆ ಪಾರದರ್ಶಕ.

"ತಾತ ಇದನ್ನ ಶತ್ರು ಅಧಿಕಾರಿ ಹತ್ರ ಕಿತ್ಕೊಂಡಿದ್ದು" ಎನ್ನುತ್ತಾನೆ ತಮ್ಮ. "ಗಾಜಿನ ಪೆಟ್ಟಿಗೆ ಮಾಡಿಸಿ ಹಾಲಲ್ಲಿ ಇಡಬೇಕು ಅಂತಿದ್ದೀನಿ."

"ಮಕ್ಕಳಿರೋ ಮನೆ. ರಕ್ತ ಕಂಡಿರೋ ವಸ್ತು ನಂಗೆ ಬೇಡ. ಎಷ್ಟಕ್ಕೆ ಹೋಗುತ್ತೋ ಅಷ್ಟಕ್ಕೆ ಕೊಟ್ಟುಬಿಡೋಣ" ಎನ್ನುತ್ತಾಳೆ ಅಕ್ಕ. ಈ ಜಗಳ ಮನೆಯಲ್ಲೇ ಸಾಕಷ್ಟು ನಡೆದಿದೆ ಎಂದು ಇಬ್ಬರ ಮುಖವೂ ಹೇಳುತ್ತಿದೆ.

ಚೂರಿಯಮ್ಮ ಚೂರಿಯನ್ನು ಅಡ್ಡ ಬೆಳಕಿಗೆ ಹಿಡಿಯುತ್ತಾರೆ. ವಾಲಿಸುತ್ತಾರೆ. ತಿರುಗಿಸುತ್ತಾರೆ. ಭೂತಗನ್ನಡಿ ತೆಗೆದು, ಅಲಗು ಹಿಡಿಯೊಳಗೆ ಹೋಗುವ ಜಾಗವನ್ನು ಬಹಳ ಹೊತ್ತು ನೋಡುತ್ತಾರೆ. ತುಟಿ ಅಲುಗುತ್ತಿದೆ, ಮೇಷ್ಟ್ರಿಗೆ ಒಪ್ಪಿಸುತ್ತಿರಬೇಕು. ಆಮೇಲೆ ಚೂರಿಯನ್ನು ಬಲಗೈಯಲ್ಲಿ, ಕಾಗದ ಬಿಡಿಸುವವರಂತೆ ಹಿಡಿದು ನೋಡುತ್ತಾರೆ. ಹುಬ್ಬು ಗಂಟಿಕ್ಕುತ್ತದೆ. ಎಡಗೈಗೆ ಬದಲಾಯಿಸಿಕೊಳ್ಳುತ್ತಾರೆ. ಹುಬ್ಬು ಸಡಿಲವಾಗುತ್ತದೆ.

"ನಿಮ್ಮ ತಾತ ಎಡಚರಾ?"

ಅಕ್ಕ-ತಮ್ಮ ಮುಖಮುಖ ನೋಡಿಕೊಳ್ಳುತ್ತಾರೆ. ಅವರು ಬೆಳೆದದ್ದು ಬೇರೆ ಊರಿನಲ್ಲಿ. ತಾತನನ್ನು ಕಂಡದ್ದು ರಜೆಯಲ್ಲಿ. ಕೊನೆಗಾಲದಲ್ಲಂತೂ ಅವರ ಕೈ ಎರಡೂ ನಡುಗುತ್ತಿದ್ದವು. "ಅಜ್ಜಿಗೆ ಗೊತ್ತಿರುತ್ತೆ. ಕೆಳಗೆ ಕಾರಲ್ಲಿ ಕೂತಿದ್ದಾರೆ, ಮೆಟ್ಟಿಲು ಹತ್ತೋಕಾಗಲ್ಲ" ಎನ್ನುತ್ತಾಳೆ ಅಕ್ಕ.

ಚೂರಿಯಮ್ಮ ಎದ್ದೇಬಿಡುತ್ತಾರೆ. ಚೂರಿ, ಭೂತಗನ್ನಡಿ ಸೆರಗಿನ ಮರೆಯಲ್ಲಿ. ಮಂಡಿಯನ್ನು ಬೈಯಲೂ ಮರೆತು ಇಳಿಯುತ್ತಾರೆ. ಕಾರಿನ ಹಿಂದಿನ ಸೀಟಿನಲ್ಲಿ ಎಂಬತ್ತೈದು ದಾಟಿದ ಅಜ್ಜಿ, ಬಾಗಿಲು ತೆರೆದುಕೊಂಡು, ಕಾಲು ಹೊರಗಿಟ್ಟು ಕೂತಿದ್ದಾರೆ. ಚೂರಿ ಕಂಡೊಡನೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮುಖ ತಿರುಗಿಸುತ್ತಾರೆ.

"ಅದನ್ನ ಈ ಕಡೆ ತರಬೇಡಮ್ಮ. ಮದುವೆಯಾಗಿ ಬಂದಾಗಿಂದ ನಾನದನ್ನ ಮುಟ್ಟಿಲ್ಲ."

ಚೂರಿಯಮ್ಮ ಕಾರಿನ ಪಕ್ಕ, ಕಲ್ಲುಹಾಸಿನ ಅಂಚಿನ ಮೇಲೇ ಕೂರುತ್ತಾರೆ. ಚೂರಿಯನ್ನು ಮಡಿಲಲ್ಲಿ ಇಟ್ಟುಕೊಂಡು, "ಆಯ್ತು, ತರಲ್ಲ ಅಮ್ಮಾ. ನೀವು ನೋಡೋದೂ ಬೇಡ. ಒಂದು ಮಾತು ಹೇಳಿ ಸಾಕು. ನಿಮ್ಮ ಯಜಮಾನರು ಯಾವ ಕೈಯಲ್ಲಿ ಊಟ ಮಾಡ್ತಿದ್ರು?"

"ಎಡಗೈ" ಎನ್ನುತ್ತಾರೆ ಅಜ್ಜಿ ತಟ್ಟನೆ. "ಎಲ್ಲಾದಕ್ಕೂ ಎಡಗೈಯೇ. ನಮ್ಮತ್ತೆ ಬೈದು ಬೈದು ಸುಸ್ತಾಗಿದ್ರು. ಯಾಕೆ?"

"ಯಾಕಂದ್ರೆ ಈ ಹಿಡಿಯಲ್ಲಿ ಹೆಬ್ಬೆರಳು ಕೂರೋಕೆ ಒಂದು ತಗ್ಗು ಕೊರೆದಿದ್ದಾರೆ. ಬಲಗೈಯವರಿಗೆ ಅದು ತಪ್ಪು ಕಡೆ ಇದೆ. ಎಡಚರಿಗೆ ಸರಿಯಾಗಿ ಕೂರುತ್ತೆ. ಇದು ಯಾರದೋ ಚೂರಿಯನ್ನ ಇವರು ಕಿತ್ಕೊಂಡಿದ್ದಲ್ಲ ಅಮ್ಮಾ. ಎಡಗೈಯವರೊಬ್ಬರಿಗೆ ಅಂತಲೇ ಅಳತೆ ನೋಡಿ ಮಾಡಿದ್ದು."

ಬೀದಿಯಲ್ಲಿ ಹಾಲಿನ ಗಾಡಿಯೊಂದು ಹಾದು ಹೋಗುತ್ತದೆ. ಅಜ್ಜಿ ಮೆಲ್ಲನೆ ಈ ಕಡೆ ಮುಖ ತಿರುಗಿಸುತ್ತಾರೆ.

ಚೂರಿಯಮ್ಮ ಮುಂದುವರಿಸುತ್ತಾರೆ, ಕಂಡದ್ದನ್ನಷ್ಟೇ. "ಅಲಗು ನೋಡಿ, ಇದು ಚೂರಿಯ ಅಲಗೇ ಅಲ್ಲ. ಚಮಚದ ಹಿಡಿಕೆ ತಟ್ಟಿ ಮಾಡಿದ್ದು. ನಾನು ಗಿಲೀಟು ಕಾರ್ಖಾನೆಯಲ್ಲಿ ರಾಶಿ ರಾಶಿ ಚಮಚ ಉಜ್ಜಿದೋಳು, ಆ ಬಾಗು ನಂಗೆ ಗೊತ್ತಾಗುತ್ತೆ. ಹಿಡಿ ಒಳಗೆ ಅರ್ಧ ಮುಚ್ಚಿಹೋಗಿರೋ ಒಂದು ಮುದ್ರೆ ಇದೆ, ಒಂದು ಕೂಡು ಗುರುತು, ಪಕ್ಕದಲ್ಲಿ ವಾರ್ಡಿನ ಅಂಕಿ. ನಮ್ಮ ಸೈನ್ಯದ ಆಸ್ಪತ್ರೆಯವರು ಕಳವಾಗಬಾರದು ಅಂತ ತಟ್ಟೆ, ಚಮಚಕ್ಕೆಲ್ಲ ಇದನ್ನ ಹೊಡೀತಿದ್ರು. ಹಿಡಿಯ ಬಿಲ್ಲೆಗಳು ಹಲ್ಲುಜ್ಜೋ ಬ್ರಷ್ಷಿನ ಕಡ್ಡಿ, ಬೂಟಿನ ಚರ್ಮ, ವಿಮಾನದ ಕಿಟಕಿಯ ಚೂರು. ತುದಿಯಲ್ಲಿರೋದು ಸಮವಸ್ತ್ರದ ಗುಂಡಿ. ಅದು ನಮ್ಮವರದ್ದಲ್ಲ, ಆ ಕಡೆಯವರದ್ದು." ಚೂರಿಯನ್ನು ಮಡಿಲಲ್ಲೇ ತಿರುಗಿಸಿ ಹೇಳುತ್ತಾರೆ: "ಚಮಚ ನಮ್ಮದು, ಗುಂಡಿ ಅವರದು. ಇದಕ್ಕೆ ಯಾವತ್ತೂ ಸಾಣೆ ಹಿಡಿದಿಲ್ಲ. ಬೆಣ್ಣೆ ಬಿಟ್ಟರೆ ಬೇರೇನೂ ಇದರಲ್ಲಿ ಕತ್ತರಿಸೋಕಾಗಲ್ಲ."

ತಮ್ಮನ ಮುಖ ಇಳಿದಿದೆ. "ಆದ್ರೆ ತಾತನೇ ಹೇಳಿದ್ರು, ಶತ್ರುವಿನ ಕೈಯಿಂದ..."

"ಬಂದದ್ದು ಅಂದಿದ್ರು" ಎನ್ನುತ್ತಾರೆ ಅಜ್ಜಿ. ದನಿ ಬಹಳ ಸಣ್ಣದಾಗಿದೆ. "ಶತ್ರುವಿನ ಕೈಯಿಂದ ಬಂದದ್ದು ಅಂದಿದ್ರು. ಕಿತ್ಕೊಂಡೆ ಅಂದಿರಲಿಲ್ಲ. ಕಿತ್ಕೊಂಡಿದ್ದು ಅಂತ ನಾವು ಅಂದ್ಕೊಂಡ್ವಿ."

ಆಮೇಲೆ ಅವರು ಹೇಳುವುದನ್ನು ಮೊಮ್ಮಕ್ಕಳೂ ಮೊದಲ ಸಲ ಕೇಳುತ್ತಿದ್ದಾರೆ. ವರ್ಷಕ್ಕೊಮ್ಮೆ ತಾತ ಖಾನೆ ತೆರೆದು ಈ ಚೂರಿಯನ್ನು ಎಡಗೈಯಲ್ಲಿ ಹಿಡಿದು ಕಣ್ಣುಮುಚ್ಚಿ ಕೂರುತ್ತಿದ್ದರು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿ ಸದ್ದಿಲ್ಲದೆ ಹಿಂದಿರುಗುತ್ತಿದ್ದರು. "ಯಾರನ್ನೋ ಕೊಂದು ತಂದಿದ್ದಾರೆ, ಆ ಪಾಪಕ್ಕೆ ಕ್ಷಮೆ ಕೇಳ್ತಿದ್ದಾರೆ ಅಂದ್ಕೊಂಡಿದ್ದೆ. ಕೇಳೋಕೆ ಧೈರ್ಯ ಬರಲಿಲ್ಲ. ಕೇಳಿದ್ರೆ ಹೌದು ಅಂದ್ಬಿಟ್ರೆ? ಆ ಖಾನೆಯೊಳಗೆ ಒಂದು ಹೆಣ ಇದೆ ಅಂತಲೇ ಬಾಳಿದೆ ಕಣಮ್ಮ, ಅದರ ಪಕ್ಕದಲ್ಲೇ ಮಕ್ಕಳನ್ನ ಹೆತ್ತೆ, ಸಾಕಿದೆ."

"ಸೈನ್ಯದಲ್ಲಿ ಏನು ಕೆಲಸ ಮಾಡ್ತಿದ್ರು?"

"ಗಾಯಾಳುಗಳನ್ನ ನೋಡ್ಕೊಳ್ತಿದ್ದೆ ಅಂದಿದ್ರು. ನಾನು ನಂಬಿರಲಿಲ್ಲ. ಯುದ್ಧಕ್ಕೆ ಹೋದೋರು ಹೊಡೆದಾಡದೇ ಇರ್ತಾರಾ, ನನ್ನ ಹೆದರಿಸಬಾರದು ಅಂತ ಹೀಗೆ ಹೇಳ್ತಿದ್ದಾರೆ ಅಂದ್ಕೊಂಡೆ." ಅಜ್ಜಿ ತಮ್ಮ ಎರಡು ಕೈಗಳನ್ನೂ ನೋಡಿಕೊಳ್ಳುತ್ತಾರೆ. "ಮೊದಲನೇ ಹೆರಿಗೆ ಆದಾಗ ನಂಗೆ ಜ್ವರ ಬಂದು ಕೈ ಎತ್ತೋಕೂ ಆಗ್ತಿರಲಿಲ್ಲ. ಇವರೇ ಗಂಜಿ ಕುಡಿಸಿದ್ರು. ಒಂದು ತೊಟ್ಟು ಚೆಲ್ಲಲಿಲ್ಲ. ಗಂಡಸರಿಗೆ ಇದೆಲ್ಲ ಎಲ್ಲಿ ಬರುತ್ತೆ, ಎಲ್ಲಿ ಕಲಿತ್ರಿ ಅಂತ ಕೇಳಿದೆ. 'ಎರಡೂ ಕೈಗೆ ಪಟ್ಟಿ ಸುತ್ತಿದೋನೊಬ್ಬನಿಗೆ ತಿಂಗಳುಗಟ್ಟಲೆ ತಿನ್ನಿಸಿದೆ, ಬಂತು' ಅಂದ್ರು. ಯಾರು ಅಂತ ನಾನು ಕೇಳಲೇ ಇಲ್ಲ."

ತಮ್ಮ ಮೆಲ್ಲನೆ ಹೇಳುತ್ತಾನೆ: "ಹಾಗಾದ್ರೆ ಆ ಪಟ್ಟಿ ಸುತ್ತಿದೋನು ಸೆರೆಸಿಕ್ಕ ಶತ್ರು ಸೈನಿಕ. ಅವನೇ ಕೈ ವಾಸಿಯಾದ ಮೇಲೆ, ತಿನ್ನಿಸಿದ ಆ ಚಮಚದಲ್ಲೇ..."

"ಇರಬಹುದು. ಇಲ್ಲದೇನೂ ಇರಬಹುದು. ನಾನು ಅಲ್ಲಿರಲಿಲ್ಲ ಕಣಪ್ಪ" ಎನ್ನುತ್ತಾರೆ ಚೂರಿಯಮ್ಮ. "ಆಸ್ಪತ್ರೆ ಚಮಚ, ಆ ಕಡೆಯವರ ಗುಂಡಿ, ಎಡಗೈ. ಇಷ್ಟು ನಾನು ಹೇಳಬಲ್ಲೆ. ಉಳಿದಿದ್ದು ನಂಗೆ ಗೊತ್ತಿಲ್ಲ."

ಅಜ್ಜಿ ಕೈ ಚಾಚುತ್ತಾರೆ. "ಕೊಡು ಇಲ್ಲಿ."

ಮೊಮ್ಮಗಳು "ಅಜ್ಜಿ..." ಎನ್ನುವಷ್ಟರಲ್ಲಿ ಚೂರಿ ಅವರ ಅಂಗೈಯಲ್ಲಿದೆ. ಅದರ ಹಗುರಕ್ಕೆ ಅವರಿಗೇ ಆಶ್ಚರ್ಯ. ಎಡಗೈಯಲ್ಲಿ ಹಿಡಿದು, ಹೆಬ್ಬೆರಳನ್ನು ಆ ತಗ್ಗಿನಲ್ಲಿ ಇಡುತ್ತಾರೆ. ಸುಕ್ಕುಗಟ್ಟಿದ ಸಣ್ಣ ಬೆರಳು, ತಗ್ಗು ಅದಕ್ಕಿಂತ ದೊಡ್ಡದು. ಅಳುತ್ತಾರೇನೋ ಎಂದುಕೊಂಡೆ. ಅವರು ನಗಲು ಶುರುಮಾಡುತ್ತಾರೆ. ಮೊದಲು ಸಣ್ಣಗೆ, ಆಮೇಲೆ ಮೈ ಕುಲುಕಿಸಿ. "ಅಲ್ವೇ, ಈ ಮನುಷ್ಯ ಮನೇಲಿ ಜಿರಲೆ ಕಂಡ್ರೆ ನನ್ನ ಕೂಗ್ತಿದ್ರು! ಅವರ ಕೈಲಿ ಕೊಲೆ ಮಾಡಿಸಿದ್ನಲ್ಲ ನಾನು, ಇಷ್ಟು ವರ್ಷ! ಸ್ವಲ್ಪ ಯೋಚನೆ ಮಾಡಬಾರದಿತ್ತಾ?" ನಗುನಗುತ್ತಲೇ ಕಣ್ಣೀರು ಇಳಿಯುತ್ತದೆ. ಚೂರಿಯಮ್ಮನ ಕೈಯನ್ನು ಹಿಡಿದೆಳೆದು ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. "ನನ್ನ ಗಂಡನನ್ನ ನಂಗೆ ವಾಪಸ್ ಕೊಟ್ಟೆ ತಾಯಿ. ನಿನ್ನ ಹೊಟ್ಟೆ ತಣ್ಣಗಿರಲಿ."

ಬೆಲೆಯ ಮಾತನ್ನು ಯಾರೂ ಎತ್ತಲಿಲ್ಲ. ಹೊರಡುವಾಗ ತಮ್ಮನೇ, ಸುಮ್ಮನೆ ತಿಳಿದಿರಲೆಂದು ಕೇಳಿದ. "ಮಾರುಕಟ್ಟೆಯಲ್ಲಿ ಒಂದು ಜೊತೆ ಚಪ್ಪಲಿ. ಅದೂ ಹಬ್ಬದ ಚಪ್ಪಲಿಯಲ್ಲ, ಮನೆ ಒಳಗೆ ಹಾಕೋದು" ಎಂದರು ಚೂರಿಯಮ್ಮ. ಅವನೂ ನಕ್ಕ. ಗಾಜಿನ ಪೆಟ್ಟಿಗೆಯ ಮಾತೂ, ಮಾರುವ ಮಾತೂ ಅಲ್ಲಿಗೇ ನಿಂತವು. ಕಾರು ತಿರುವಿನಲ್ಲಿ ಮರೆಯಾಗುವಾಗ ಅಜ್ಜಿ ಚೂರಿಯನ್ನು ಮಡಿಲಲ್ಲಿಟ್ಟುಕೊಂಡು ಮೊಮ್ಮಗಳಿಗೆ ಏನೋ ಹೇಳುತ್ತಲೇ ಇದ್ದರು.

ಮೂರು ವಾರದ ಮೇಲೆ ನಾನು ಮತ್ತೆ ಹೋದಾಗ ಸುದ್ದಿ ಬಂದಿತ್ತು. ಮೊಮ್ಮಗಳು ಫೋನು ಮಾಡಿದ್ದಳಂತೆ. ಅಜ್ಜಿ ಈಗ ಚೂರಿಯನ್ನು ಹಾಸಿಗೆಯ ಪಕ್ಕವೇ ಇಟ್ಟುಕೊಂಡಿದ್ದಾರೆ. ಮಾತ್ರೆಯ ಪಟ್ಟಿ ಬಿಡಿಸಲು ಅದೇ ಬೇಕು. ಮರಿಮಕ್ಕಳನ್ನು ಕೂರಿಸಿಕೊಂಡು, "ಇದು ಚೂರಿಯಲ್ಲ ಕಣ್ರೋ, ಚಮಚ" ಎಂದು ಕಥೆ ಶುರುಮಾಡುತ್ತಾರೆ.

"ಆ ಫೋನು ಬಂದ ದಿನ ನಾನು ಎರಡು ಲೋಟ ಕಾಫಿ ಕುಡಿದೆ" ಎನ್ನುತ್ತಾರೆ ಚೂರಿಯಮ್ಮ. ಅವರ ಮಗಳು ಈಗ ಶಾಲೆಯಲ್ಲಿ ಸಂಗೀತ ಕಲಿಸುತ್ತಾಳೆ. ಕೆಲಸ ಸಾಕು ಮಾಡಮ್ಮ ಎಂದು ಗೋಗರೆಯುತ್ತಾಳೆ. ಅಳಿಯ ಮಾತ್ರ ಅತ್ತೆಯ ಪರ. "ಮನೆ ತುಂಬ ಚೂರಿ ಇರೋ ಅತ್ತೆ ಅಂತ ಸ್ನೇಹಿತರು ಹೆದರಿಸಿದ್ರು. ಬಂದು ನೋಡಿದ್ರೆ ಈ ಮನೇಲಿ ಬ್ರೆಡ್ಡು ಹೆಚ್ಚೋಕೂ ಚಾಕು ಸಿಗಲ್ಲ" ಎಂದು ಅವನ ದೂರು. ನಿಜ, ಇಷ್ಟು ಚೂರಿಗಳ ನಡುವೆ ಬಾಳಿದ ಇವರು ತಮಗೆಂದು ಒಂದನ್ನೂ ಇಟ್ಟುಕೊಂಡಿಲ್ಲ. ಯಾಕೆಂದರೆ, "ನಂಗೆ ಯಾರೂ ಬಿಟ್ಟು ಹೋಗಿಲ್ಲವಲ್ಲ. ನಮ್ಮಪ್ಪ ಯುದ್ಧಕ್ಕೆ ಹೋಗಿದ್ರೆ ಸಾಣೆ ಹಿಡಿದು ಬರ್ತಿದ್ರು, ಅಷ್ಟೇ."

ಕೊನೆಯ ದಿನ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಪತ್ರಿಕೆಯಲ್ಲಿ ಹೆಸರು, ಸನ್ಮಾನ, ಶಾಲು, ಹೀಗೆ ಏನನ್ನೋ ನಿರೀಕ್ಷಿಸಿ. ಅವರು ನನ್ನನ್ನು ಅಂಗಡಿಯ ನೆಲಮಹಡಿಗೆ ಕರೆದೊಯ್ದು, ಮುರಿದ ಕುರ್ಚಿಗಳನ್ನು ಒಟ್ಟಿದ ಕೋಣೆಯೊಂದರ ಬಾಗಿಲು ತೆರೆಯುತ್ತಾರೆ. ಮೂಡಣಕ್ಕೆ ಒಂದು ಕಿಟಕಿ, ಗಾಜಿನ ಮೇಲೆ ಧೂಳು. ಯಜಮಾನರು ಒಪ್ಪಿದ್ದಾರೆ, ಮುಂದಿನ ತಿಂಗಳು ಸುಣ್ಣ ಬಳಿಸುತ್ತಾರೆ.

"ಮೇಲಿನ ಕೋಣೆಗೆ ವಸ್ತು ಹತ್ತಿ ಬರುತ್ತೆ. ಅದರ ವಿಷಯ ಗೊತ್ತಿರೋರು ವಯಸ್ಸಾದೋರು, ಅವರು ಕೆಳಗೇ ಉಳಿದುಬಿಡ್ತಾರೆ. ಅದಕ್ಕೇ ಈ ಕೋಣೆ ಬೇಕು ಅಂದೆ." ಸೆರಗಿನಿಂದ ಕಿಟಕಿಯ ಗಾಜನ್ನು ಒಂದು ಅಂಗೈ ಅಗಲ ಒರೆಸಿ, ಬೆಳಕು ಎಲ್ಲಿ ಬೀಳುತ್ತದೆಂದು ನೆಲ ನೋಡುತ್ತಾರೆ. "ಇಲ್ಲಿ ಮೇಜು. ಇಲ್ಲಿ ಕೈಯಿರೋ ಕುರ್ಚಿ ಎರಡು, ದಿಂಬು ಹಾಕಿ. ಬಂದೋರು ಮೊದಲು ಕೂತ್ಕೊಳ್ಳಲಿ, ಒಂದು ಲೋಟ ಕಾಫಿ ಕುಡೀಲಿ. ಏನು ತಂದಿದ್ದಾರೆ ಅನ್ನೋದನ್ನ ಆಮೇಲೆ ಹೇಳಿದ್ರಾಯ್ತು."